ಸ್ಕ್ಯಾನರ್ ಪೆಟ್ಟಿಗೆಯ ಮೇಲೆ ಇಲ್ಲದ ಮಾಹಿತಿ

ನಿಮ್ಮ ಶಾಲೆಗೋ ಕಾಲೇಜಿಗೋ ಒಂದು ಸ್ಕ್ಯಾನರ್ ಕೊಳ್ಳಬೇಕಾಗಿದೆ ಎಂದಿಟ್ಟುಕೊಳ್ಳಿ. ಹಳೆಯ ಪ್ರಶ್ನೆಪತ್ರಿಕೆಗಳು, ಕೈಬರಹದ ಪ್ರಯೋಗ ಟಿಪ್ಪಣಿಗಳು, ಅಂಚು ಪುಡಿಯಾಗುತ್ತಿರುವ ಕನ್ನಡ ವಿಜ್ಞಾನ ಪುಸ್ತಕಗಳು ಕಾದಿವೆ. ಪ್ರಯೋಗಾಲಯದ ಗಣಕಗಳಲ್ಲಿ ಇರುವುದು ಉಬುಂಟು ಅಥವಾ ಡೆಬಿಯನ್. ನಮ್ಮ ಸುಂಕದಕಟ್ಟೆಯಿಂದ ಮಾಗಡಿ ರಸ್ತೆ ಹಿಡಿದು ಎಸ್.ಪಿ. ರಸ್ತೆಯ ಗಣಕ ಅಂಗಡಿಗಳಿಗೆ ಹೋಗಿ ವಿಚಾರಿಸಿದರೆ, ಮಾರುವವರು ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನು ತೋರಿಸುತ್ತಾರೆ: 2400 ಡಿಪಿಐ, 4800 ಡಿಪಿಐ. ಲಿನಕ್ಸ್‌ನಲ್ಲಿ ಕೆಲಸ ಮಾಡುತ್ತದೆಯೇ ಎಂದು ಕೇಳಿದರೆ ಪೆಟ್ಟಿಗೆಯೂ ಮೌನ, ಅಂಗಡಿಯವರೂ ಮೌನ. ನಮ್ಮ ಸಂಸ್ಥೆಗಳ ಖರೀದಿ ಪಟ್ಟಿಗಳೂ ಇದಕ್ಕೆ ಹೊರತಲ್ಲ. ಅವುಗಳಲ್ಲಿ ಡಿಪಿಐ ಇರುತ್ತದೆ, ಚಾಲಕ ತಂತ್ರಾಂಶದ ಮಾತೇ ಇರುವುದಿಲ್ಲ.

ಮೊದಲು ಆ ದೊಡ್ಡ ಅಂಕಿಯನ್ನೇ ಪರೀಕ್ಷಿಸೋಣ. ಡಿಪಿಐ ಎಂದರೆ ಒಂದು ಅಂಗುಲದಲ್ಲಿ ಎಷ್ಟು ಚುಕ್ಕಿಗಳು ಎಂಬ ಲೆಕ್ಕ. 300 ಡಿಪಿಐನಲ್ಲಿ ಒಂದು ಚುಕ್ಕಿಯ ಅಗಲ ಸುಮಾರು 0.085 ಮಿ.ಮೀ. ಕನ್ನಡದಲ್ಲಿ ದ ಮತ್ತು ಧ, ಪ ಮತ್ತು ಫ ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಸಾಧಾರಣ ಗಾತ್ರದ ಅಚ್ಚಿನಲ್ಲಿ ಅದು ಅರ್ಧ ಮಿಲಿಮೀಟರ್ ಕೂಡ ಇರಲಾರದು. 300 ಡಿಪಿಐನಲ್ಲಿ ಅದಕ್ಕೆ ನಾಲ್ಕೈದು ಚುಕ್ಕಿಗಳು ದೊರೆಯುತ್ತವೆ. 100 ಡಿಪಿಐನಲ್ಲಿ ಒಂದೋ ಎರಡೋ, ಅಂದರೆ ಧ ಹೋಗಿ ದ ಆದೀತು! ಅಕ್ಷರ ಗುರುತಿಸುವ ಟೆಸರಾಕ್ಟ್ ತಂತ್ರಾಂಶ ಬಯಸುವುದೂ ಕನಿಷ್ಠ 300. ಹೀಗಾಗಿ ಪಠ್ಯಕ್ಕೆ 300, ತೀರ ಸಣ್ಣ ಅಕ್ಷರಕ್ಕೆ 600 ಸಾಕು. ಎ4 ಹಾಳೆಯೊಂದು 300 ಡಿಪಿಐ ಬಣ್ಣದಲ್ಲಿ ಸುಮಾರು 26 ಮೆಗಾಬೈಟ್ ಆದರೆ, 4800ರಲ್ಲಿ ಅದರ 256 ಪಟ್ಟು, ಸುಮಾರು 6.7 ಗಿಗಾಬೈಟ್. ಇದನ್ನು ಯಾರು, ಎಲ್ಲಿ ಇಟ್ಟುಕೊಳ್ಳುತ್ತಾರೆ? ಕೆಲವು ಪೆಟ್ಟಿಗೆಗಳ ಮೇಲೆ ಇನ್ನೂ ದೊಡ್ಡ 'ಇಂಟರ್‌ಪೊಲೇಟೆಡ್' ಅಂಕಿ ಇರುತ್ತದೆ. ಅದು ಅಳೆದ ಚುಕ್ಕಿಗಳ ನಡುವೆ ಲೆಕ್ಕ ಹಾಕಿ ತುಂಬಿದ್ದು. ವರ್ನಿಯರ್ ಕ್ಯಾಲಿಪರ್‌ನ ಕನಿಷ್ಠ ಅಳತೆಗಿಂತ ಸೂಕ್ಷ್ಮವಾದ ಅಂಕಿ ಬರೆದ ವಿದ್ಯಾರ್ಥಿಗೆ ನಾವು ಅಂಕ ಕಳೆಯುತ್ತೇವೆ. ನಮ್ಮ ಪೀಣ್ಯದ ಲೇತ್ ಕೆಲಸಗಾರರೂ ಅದನ್ನು ಒಪ್ಪಲಾರರು.

ಇನ್ನು ಚಾಲಕದ ವಿಷಯ. ಲಿನಕ್ಸ್‌ನಲ್ಲಿ ಸ್ಕ್ಯಾನರ್‌ಗಳನ್ನು ನಡೆಸುವುದು 'ಸೇನ್' ಎಂಬ ಮುಕ್ತ ತಂತ್ರಾಂಶ. ಸ್ಕ್ಯಾನರ್‌ನೊಳಗಿನ ನಿಯಂತ್ರಕ ಚಿಪ್ ಯಾವ ಆದೇಶಗಳಿಗೆ ಹೇಗೆ ಸ್ಪಂದಿಸುತ್ತದೆ ಎಂಬುದು ಅದಕ್ಕೆ ಗೊತ್ತಿರಬೇಕು. ಕ್ಯಾನನ್ ಕಂಪನಿಯ ಲೈಡ್ 60 ಮತ್ತು ಲೈಡ್ 70 ಮಾದರಿಗಳನ್ನು ನೋಡಿ. ಹೆಸರಿನಲ್ಲಿ ಅಕ್ಕತಂಗಿಯರು. ಆದರೆ 60ರಲ್ಲಿದ್ದುದು ಜೆನೆಸಿಸ್ ಚಿಪ್, ಅದಕ್ಕೆ ಸೇನ್‌ನಲ್ಲಿ ಚಾಲಕವಿತ್ತು. 70ರಲ್ಲಿದ್ದುದು ಸಿಪಿ2155 ಎಂಬ ಬೇರೆಯೇ ಚಿಪ್. ಅದು ಸೇನ್‌ನ ಅಧಿಕೃತ ಆವೃತ್ತಿಗೆ ಸೇರಿದ್ದು 2019ರಲ್ಲಿ, ಮಾರುಕಟ್ಟೆಗೆ ಬಂದು ಹತ್ತು ವರ್ಷಗಳು ಕಳೆದ ಮೇಲೆ! ತಯಾರಕರು ವಿವರ ಕೊಡದಿದ್ದಾಗ ಆಸಕ್ತರು ಯುಎಸ್‌ಬಿ ತಂತಿಯಲ್ಲಿ ಹಾದುಹೋಗುವ ಸಂಕೇತಗಳನ್ನು ದಾಖಲಿಸಿ, ಯಾವ ಆದೇಶಕ್ಕೆ ಯಾವ ಚಲನೆ ಎಂದು ಊಹಿಸಬೇಕಾಗುತ್ತದೆ. ಕಣಗಳನ್ನು ಚದುರಿಸಿ ಪರಮಾಣುವಿನ ಒಳಗನ್ನು ತಿಳಿದ ಹಾಗೆ. ವ್ಯತ್ಯಾಸವೆಂದರೆ ಪರಮಾಣುವನ್ನು ಯಾರೂ ಬೇಕೆಂದೇ ಮುಚ್ಚಿಟ್ಟಿರಲಿಲ್ಲ.

ಇದು ಲಿನಕ್ಸ್ ಅಭಿಮಾನಿಗಳ ತಕರಾರು ಮಾತ್ರವೆಂದು ತಿಳಿಯಬೇಡಿ. ವಿಂಡೋಸ್ 64 ಬಿಟ್‌ಗೆ ಬದಲಾದಾಗ ಅನೇಕ ಹಳೆಯ ಸ್ಕ್ಯಾನರ್‌ಗಳಿಗೆ ತಯಾರಕರಿಂದ ಹೊಸ ಚಾಲಕ ಬರಲೇ ಇಲ್ಲ. ಗಾಜು, ಮೋಟಾರು, ಸಂವೇದಕ ಎಲ್ಲವೂ ಸರಿಯಿದ್ದ ಯಂತ್ರಗಳು ಗುಜರಿಗೆ ಹೋದವು. ಅವುಗಳಲ್ಲಿ ಸೇನ್ ಬಲ್ಲವುಗಳು, ಉದಾಹರಣೆಗೆ ಲೈಡ್ 20, ಇಂದಿಗೂ ಲಿನಕ್ಸ್‌ನಲ್ಲಿ ನಡೆಯುತ್ತವೆ. ಕೆಲವು ಕಂಪನಿಗಳು ಲಿನಕ್ಸ್‌ಗೆಂದೇ ಚಾಲಕ ಕೊಡುತ್ತವೆಯಾದರೂ ಅದರ ಒಂದು ಭಾಗ ಮುಚ್ಚಿದ್ದಾಗಿರುತ್ತದೆ. ಅವರು ಕೈಬಿಟ್ಟ ದಿನ ಅದರ ಕಥೆಯೂ ಅಷ್ಟೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಐದಾರು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ನನ್ನ ಆಯ್ಕೆ ಕ್ಯಾನನ್ ಲೈಡ್ 300. ಸೇನ್‌ನ 2019ರ ಆವೃತ್ತಿಯಿಂದ ಇದಕ್ಕೆ 'ಪಿಕ್ಸ್ಮಾ' ಚಾಲಕವಿದೆ. ವಿದ್ಯುತ್ತೂ ಯುಎಸ್‌ಬಿ ತಂತಿಯಿಂದಲೇ ಬರುತ್ತದೆ. ದುಬಾರಿ ಲೈಡ್ 400ರ ಹೆಚ್ಚಿನ ಡಿಪಿಐ ನಿಮಗೆ ಬೇಕಿಲ್ಲ. ಆದರೆ ಇವೆರಡರಲ್ಲೂ ಒಂದು ಕೊರತೆಯಿದೆ. ಇವುಗಳ ಸಂವೇದಕ ಸಿಐಎಸ್ ಬಗೆಯದು, ಗಾಜಿಗೆ ಅಂಟಿಕೊಂಡ ಹಾಳೆಯನ್ನಷ್ಟೇ ಸ್ಪಷ್ಟವಾಗಿ ನೋಡಬಲ್ಲದು. ದಪ್ಪ ಪುಸ್ತಕದ ಮಡಿಕೆಯ ಬಳಿ ಹಾಳೆ ಮೇಲೆದ್ದಲ್ಲಿ ಅಕ್ಷರಗಳು ಮಸುಕಾಗುತ್ತವೆ. ಮಸೂರ ಮತ್ತು ಕನ್ನಡಿಗಳುಳ್ಳ ಸಿಸಿಡಿ ಯಂತ್ರಗಳು ಇಲ್ಲಿ ಮೇಲು, ಆದರೆ ಭಾರ ಹೆಚ್ಚು, ಬೆಲೆಯೂ ಹೆಚ್ಚು. ಹೊಲಿಗೆ ಬಿಗಿಯಾದ ಹಳೆಯ ಪುಸ್ತಕಗಳೇ ಹೆಚ್ಚಿದ್ದರೆ ಲೈಡ್ ಬೇಡ. ಪುಸ್ತಕವನ್ನು ಒತ್ತಿ ಬೆನ್ನು ಮುರಿಯುವುದಕ್ಕಿಂತ ಮೇಲಿನಿಂದ ಕ್ಯಾಮೆರಾದಲ್ಲಿ ಚಿತ್ರ ತೆಗೆಯುವುದೇ ವಾಸಿ.

ಮುದ್ರಕವೂ ಬೇಕೆನ್ನುವವರು 'ಏರ್‌ಸ್ಕ್ಯಾನ್' ಅಥವಾ 'ಇಎಸ್‌ಸಿಎಲ್' ಎಂದು ನಮೂದಿಸಿದ ಬಹೂಪಯೋಗಿ ಯಂತ್ರವನ್ನು ನೋಡಬಹುದು. ಇದು ಬೇರೆ ಬೇರೆ ಕಂಪನಿಗಳು ಪಾಲಿಸುವ ಸಮಾನ ಸಂವಹನ ಕ್ರಮವಾದ್ದರಿಂದ ಪ್ರತಿ ಮಾದರಿಗೂ ಪ್ರತ್ಯೇಕ ಚಾಲಕ ಬೇಡ. 2021ರ ಡೆಬಿಯನ್ 11ರಿಂದ ಈಚೆಗೆ ಇದಕ್ಕೆ ಬೇಕಾದ ತಂತ್ರಾಂಶ ಡೆಬಿಯನ್ ಭಂಡಾರದಲ್ಲೇ ದೊರೆಯುತ್ತದೆ.

ಯಾವುದನ್ನೇ ಆರಿಸಿದರೂ ಹಣ ಕೊಡುವ ಮೊದಲು ಸೇನ್‌ನ ಬೆಂಬಲ ಪಟ್ಟಿಯಲ್ಲಿ ಮಾದರಿಯ ಹೆಸರನ್ನು ಅಕ್ಷರ ಬಿಡದೆ ಹುಡುಕಿ. ಉಬುಂಟು ತುಂಬಿದ ಪೆನ್‌ಡ್ರೈವ್ ಒಯ್ದು ಅಂಗಡಿಯ ಗಣಕವನ್ನು ಅದರಿಂದಲೇ ಚಾಲೂ ಮಾಡಿ, ಅಲ್ಲಿರುವ ಸ್ಕ್ಯಾನ್ ತಂತ್ರಾಂಶದಿಂದ ಒಂದು ಹಾಳೆ ತೆಗೆದು ನೋಡಿ. ಐದು ನಿಮಿಷದ ಕೆಲಸ. ಒತ್ತಕ್ಷರ ತುಂಬಿದ ಸಣ್ಣ ಅಚ್ಚಿನ ಪುಟವೊಂದನ್ನು ಮನೆಯಿಂದಲೇ ಕೊಂಡೊಯ್ಯಿರಿ. ಅಂಗಡಿಯವರು ಕೊಡುವ ಬಣ್ಣದ ಜಾಹೀರಾತಿನಲ್ಲಿ ಎಲ್ಲ ಸ್ಕ್ಯಾನರ್‌ಗಳೂ ಚೆನ್ನಾಗಿಯೇ ಕಾಣುತ್ತವೆ.