ಕ್ಯಾಲ್ವಿನನ ಮುಕ್ತಿವಿಚಾರವೂ ಶರಣರ ಕಾಯಕವೂ

ಎ. ಕೆ. ರಾಮಾನುಜನ್ ಅವರು 1973ರ ‘ಸ್ಪೀಕಿಂಗ್ ಆಫ್ ಶಿವ’ದ ಪೀಠಿಕೆಯಲ್ಲಿ ವೀರಶೈವವನ್ನು ಯೂರೋಪಿನ ಪ್ರಾಟೆಸ್ಟಂಟ್ ಆಂದೋಲನಗಳಿಗೆ ಹೋಲಿಸಿದರು. ಪುರೋಹಿತಶಾಹಿಯ ನಿರಾಕರಣೆಯ ಮಟ್ಟಿಗೆ ಅದು ಒಪ್ಪತಕ್ಕ ಮಾತು. ಆದರೆ ಕಾಯಕವೆಂದರೆ ಕ್ಯಾಲ್ವಿನ್ ಪಂಥದ ಶ್ರಮನಿಷ್ಠೆಯೇ ಎಂದು ಕೆಲವರು ಬರೆಯುವುದು ನನಗೆ ಸಮ್ಮತವಲ್ಲ.

ಜಾನ್ ಕ್ಯಾಲ್ವಿನ್ (1509–1564) ಜಿನೀವಾದಲ್ಲಿ ಬೋಧಿಸಿದ್ದೇನು? ಮನುಷ್ಯನು ತನ್ನ ಸತ್ಕರ್ಮದಿಂದ ಮುಕ್ತನಾಗಲಾರ. ಮುಕ್ತಿ ಯಾರಿಗೆ, ವಿನಾಶ ಯಾರಿಗೆ ಎಂಬುದನ್ನು ದೇವರು ಅನಾದಿಯಲ್ಲಿಯೇ ನಿಶ್ಚಯಿಸಿದ್ದಾನೆ. ಇದನ್ನು ಬರಿಯ ಕಾಠಿಣ್ಯವೆನ್ನುವುದು ಅವಸರದ ತೀರ್ಪು. ಪಾಪದಂಡನೆಯ ವಿನಾಯಿತಿಪತ್ರಗಳು ಹಣಕ್ಕೆ ಮಾರಾಟವಾಗುತ್ತಿದ್ದ ಶತಮಾನವದು. ಮುಕ್ತಿ ಕ್ರಯದ ವಸ್ತುವಲ್ಲವೆಂಬ ಮಾತು, ಫ್ರಾನ್ಸಿನಿಂದ ಓಡಿಬಂದ ನಿರಾಶ್ರಿತರಿಗೆ ಅಭಯವಾಗಿಯೂ ಕೇಳಿಸಿತು. ಆರ್ಮಿನಿಯಸನ ಅನುಯಾಯಿಗಳು 1610ರಲ್ಲಿ ಈ ಪೂರ್ವನಿಶ್ಚಯವಾದವನ್ನು ಆಕ್ಷೇಪಿಸಿದರು. ಡಾರ್ಟ್ ಸಭೆ (1618–19) ಅವರನ್ನು ತಿರಸ್ಕರಿಸಿತು.

ನಮ್ಮ ನೆರೆಯ ಕೋಲಾರ ಚಿನ್ನದ ಗಣಿಗಳಿಗೆ ಕಾರ್ನ್‌ವಾಲಿನಿಂದ ಬಂದ ಗಣಿಗಾರರಲ್ಲಿ ಅನೇಕರು ಮೆಥಡಿಸ್ಟರು. ಅವರ ಮೂಲಪುರುಷ ಜಾನ್ ವೆಸ್ಲಿ 1739ರಲ್ಲಿಯೇ ಆ ವಾದವನ್ನು ಖಂಡಿಸಿ, ಕೃಪೆ ಸರ್ವರಿಗೂ ಮುಕ್ತವೆಂದು ಉಪದೇಶಿಸಿದ್ದನು. ಬಂಗಾರಪೇಟೆಯಿಂದ ಕೂಗಳತೆಯಲ್ಲಿದ್ದ ಈ ಭೇದವನ್ನು ನಮ್ಮ ವಿಮರ್ಶಕರು ಗಮನಿಸಿದಂತಿಲ್ಲ.

ಇನ್ನು ಕಾಯಕ. ತಾನು ಆಯ್ಕೆಯಾದವನೋ ಅಲ್ಲವೋ ಎಂಬ ಕಳವಳದಲ್ಲಿ ಕ್ಯಾಲ್ವಿನ್ ಪಂಥೀಯನು ವೃತ್ತಿಯ ಯಶಸ್ಸಿನಲ್ಲಿ ಕುರುಹನ್ನರಸಿದನೆಂದೂ, ಉಳಿತಾಯವು ಬಂಡವಾಳವಾಯಿತೆಂದೂ ಮ್ಯಾಕ್ಸ್ ವೇಬರ್ 1904–05ರಲ್ಲಿ ವಾದಿಸಿದನು. ಶರಣರಿಗೆ ಆ ಕಳವಳವೇ ಇಲ್ಲ. ದೀಕ್ಷೆಯ ಬಾಗಿಲು ತೆರೆದೇ ಇದೆ, ಕಾಯಕದ ಫಲ ದಾಸೋಹಕ್ಕೆ ಸಲ್ಲತಕ್ಕದ್ದು. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ದಿನ, ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದಳು.