ಮುಗ್ಧ ಮತ್ತು ಮೂಢ

ಲೋಕವ್ಯವಹಾರದ ಅನುಭವವಿಲ್ಲದವನನ್ನು ನಾವು ‘ಮುಗ್ಧ’ನೆನ್ನುತ್ತೇವೆ, ಹಾಗೆನ್ನುವಾಗ ದನಿಯಲ್ಲಿ ಅಕ್ಕರೆಯಿರುತ್ತದೆ. ‘ಮೂಢ’ನೆಂದರೆ ಬೈಗುಳ. ಆದರೆ ಈ ಎರಡು ಶಬ್ದಗಳೂ ಒಂದೇ ತಾಯಿಯ ಮಕ್ಕಳು. ಭ್ರಮೆಗೊಳ್ಳು, ದಿಕ್ಕುಗೆಡು ಎಂಬ ಅರ್ಥದ ‘ಮುಹ್’ ಧಾತುವಿನಿಂದ ಎರಡು ರೂಪಗಳೂ ಸಾಧುವೆಂದು ಪಾಣಿನಿಯ ಸೂತ್ರವೇ ವಿಕಲ್ಪವನ್ನು ಒಪ್ಪಿದೆ. ಮೋಹವೂ ಆ ಧಾತುವಿನದೇ.

ಅರ್ಥವು ಕವಲೊಡೆದದ್ದು ಬಳಕೆಯಲ್ಲಿ. ಆಲಂಕಾರಿಕರು ನಾಯಿಕೆಯರನ್ನು ಮುಗ್ಧೆ, ಮಧ್ಯೆ, ಪ್ರಗಲ್ಭೆಯರೆಂದು ವಿಂಗಡಿಸಿದರು. ಧನಂಜಯನ ದಶರೂಪಕದಲ್ಲಿ ಈ ವಿಭಾಗವಿದೆ. ಮುಗ್ಧೆಯು ಹೊಸ ಹರೆಯದವಳು, ಪ್ರಣಯಕ್ಕೆ ಹೊಸಬಳು. ಅವಳು ದೋಷರಹಿತಳೆಂಬುದು ಅಲ್ಲಿನ ಮಾತಲ್ಲ, ಅನುಭವರಹಿತಳೆಂಬುದಷ್ಟೇ. ಕನ್ನಡದ ‘ಮುಗುದೆ’ಯಲ್ಲಿಯೂ ಈ ಎಳೆತನದ ಸೊಗಸು ಉಳಿದಿದೆ.

ಇಂದಿನ ಬರೆಹಗಾರರಿಗೆ ಇಷ್ಟು ಸೂಕ್ಷ್ಮ ಬೇಡವಾಗಿದೆ. ಗಲಭೆಯಲ್ಲಿ ಸತ್ತವರೆಲ್ಲರೂ ಪತ್ರಿಕೆಗಳಲ್ಲಿ ‘ಮುಗ್ಧ ಜನರು’. ನಲವತ್ತು ವರ್ಷ ವ್ಯಾಪಾರ ಮಾಡಿ ನುರಿತವನು ಗುಂಡಿಗೆ ಸಿಕ್ಕರೆ ಅವನು ನಿರಪರಾಧಿಯೇ ಹೊರತು ಮುಗ್ಧನು ಹೇಗಾದಾನು? ಇದು ಇಂಗ್ಲಿಷಿನ ‘ಇನೋಸೆಂಟ್’ ಶಬ್ದದ ನೆರಳು. ಕಥೆಗಾರರು ಹಳ್ಳಿಗರನ್ನು ಸಾರಾಸಗಟಾಗಿ ಮುಗ್ಧರೆನ್ನುವುದೂ ನನಗೆ ಒಪ್ಪಿತವಲ್ಲ. ಸಂತೆಯಲ್ಲಿ ರೈತನೊಡನೆ ಧಾರಣೆ ಮಾತನಾಡಿದವನು ಹಾಗೆ ಬರೆಯಲಾರ!

ನಮ್ಮ ಶಾಸ್ತ್ರಕಾರರು ಈ ವಿಷಯದಲ್ಲಿ ಎಚ್ಚರಿಕೆಯುಳ್ಳವರು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲೊಂದು ಅಮೂಢದೃಷ್ಟಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುವ ಮೂರು ಮೂಢತೆಗಳಲ್ಲಿ ವರದ ಆಸೆಯಿಂದ ರಾಗದ್ವೇಷವುಳ್ಳ ದೇವತೆಗಳನ್ನು ಪೂಜಿಸುವುದೂ ಒಂದು. ಹಾಗೆ ಪೂಜಿಸುವವನು ವ್ಯವಹಾರದಲ್ಲಿ ಪಳಗಿದ ಮುದುಕನೂ ಆಗಿರಬಹುದು. ಮುಗ್ಧತೆ ವಯಸ್ಸಿನೊಡನೆ ಕಳೆಯುತ್ತದೆ. ಮೂಢತೆಗೆ ಆ ನಿಯಮವಿಲ್ಲ.

ಹೀಗೆ ಬರೆಯುವ ನಾನು ಈ ಶಬ್ದಗಳನ್ನು ಹೇಗೆ ಬಳಸಿದೆನೆಂಬುದನ್ನೂ ಹೇಳಬೇಕು. ಬಹಳ ವರ್ಷಗಳ ಹಿಂದೆ ನಮ್ಮ ಅಂಗಡಿಗೆ ಹೊಸದಾಗಿ ಸೇರಿದ ಗುಮಾಸ್ತನೊಬ್ಬನು ಗುರುತಿಲ್ಲದವನಿಗೆ ಸಹಿಯನ್ನೂ ಪಡೆಯದೆ ಉದ್ರಿ ಕೊಟ್ಟನು. ಹಣ ಮುಳುಗಿತು. “ಮೂಢ” ಎಂದು ಗದರಿಸಿ ಅವನ ಸಂಬಳದಲ್ಲಿ ಮುರಿದುಕೊಂಡೆ. ಮರುವರ್ಷ ಗಲ್ಲೆಯಲ್ಲಿ ಕುಳಿತ ನನ್ನ ಮಗನೂ ಅದನ್ನೇ ಮಾಡಿದನು. ನಷ್ಟ ಅದಕ್ಕಿಂತ ಹೆಚ್ಚು. “ಪಾಪ, ಮುಗ್ಧ, ಕಲಿಯುತ್ತಾನೆ” ಎಂದು ಮನೆಯವರೆದುರು ನಕ್ಕೆ. ಇಬ್ಬರಿಗೂ ಆಗ ಇಪ್ಪತ್ತರ ಆಸುಪಾಸು. ಗುಮಾಸ್ತನು ಕೆಲಸ ಬಿಟ್ಟು ಬೇರೆ ಊರಿಗೆ ಹೋದನು. ಹಳೆಯ ಖಾತೆಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಮುರಿದುಕೊಂಡ ಮೊತ್ತವು ನನ್ನ ಕೈಬರಹದಲ್ಲಿಯೇ ಇದೆ. ಮಗನ ಹೆಸರಿನಲ್ಲಿ ಏನನ್ನೂ ಬರೆದಿಲ್ಲ.