ಯು ಇಲ್ಲದ ಕ್ಯೂ: ಸ್ಕ್ರ್ಯಾಬಲ್ ರಸಿಕರಿಗೊಂದು ಕೈಪಿಡಿ

ಪರ್ತ್ ಇರಲಿ, ಬ್ರಿಸ್ಬೇನ್ ಇರಲಿ, ಅಡಿಲೇಡ್ ಇರಲಿ, ಕನ್ನಡದವರ ಮನೆಯಲ್ಲಿ ಭಾನುವಾರ ಊಟ ಮುಗಿದು ಸ್ಕ್ರ್ಯಾಬಲ್ ಮಣೆ ಹೊರಗೆ ಬಂತೆಂದರೆ ನಡೆಯುವುದು ಒಂದೇ. ಮಗು ಉದ್ದದ ಪದವೊಂದನ್ನು ಜೋಡಿಸುತ್ತದೆ, ಸುತ್ತ ಕೂತ ದೊಡ್ಡವರು ಚಪ್ಪಾಳೆ ತಟ್ಟುತ್ತಾರೆ. ಎದುರಿಗಿದ್ದ ಅಜ್ಜಿ ಒಂದೇ ಬಿಲ್ಲೆ ಇಟ್ಟು ಅದರ ಎರಡರಷ್ಟು ಅಂಕ ಬಾಚಿಕೊಂಡರೆ ಯಾರೂ ತಲೆ ಎತ್ತುವುದಿಲ್ಲ. ಕಛೇರಿಯಲ್ಲಿ ತನಿ ಆವರ್ತನ ಶುರುವಾದ ಕೂಡಲೇ ಕ್ಯಾಂಟೀನಿಗೆ ಎದ್ದು ಹೋಗುವವರ ಜಾತಿ ಇದು. ಫೋನಿನಲ್ಲಿ ದಿನಕ್ಕೊಂದು ವರ್ಡ್ಲ್ ಬಿಡಿಸಿ ಹಸಿರು ಚೌಕಗಳನ್ನು ಊರಿಗೆಲ್ಲ ಹಂಚುವವರೂ ಇದೇ ಪಂಕ್ತಿಯವರು. ಪದದ ಉದ್ದವನ್ನೇ ಪಾಂಡಿತ್ಯವೆಂದುಕೊಂಡವರಿಗೆ ಈ ಆಟದ ಸೊಗಸು ಕಾಣುವುದಿಲ್ಲ.

ಅದು ಕಾಣಬೇಕಾದರೆ ಒಂದೇ ಒಂದು ಅಕ್ಷರದ ಬೆನ್ನು ಹತ್ತಬೇಕು: ಕ್ಯೂ.

1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್, ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟದಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಈ ಆಟಕ್ಕೆ ಲೆಕ್ಕ ಕಟ್ಟಿದ. 100 ಬಿಲ್ಲೆಗಳಲ್ಲಿ ಇ ಹನ್ನೆರಡು, ಕ್ಯೂ ಒಂದೇ ಒಂದು. ಬೆಲೆ 10. ಇಂಗ್ಲಿಷಿನಲ್ಲಿ ಕ್ಯೂಗೆ ಯು ಬೇಕೇ ಬೇಕು ಎಂದು ಶಾಲೆಯಲ್ಲಿ ಕಲಿತವರ ಕೈಗೆ ಅದು ಬಂದಾಗ ಮುಖ ಸಪ್ಪಗಾಗುತ್ತದೆ. ಇಡೀ ಡಬ್ಬಿಯಲ್ಲಿ ಯು ಇರುವುದೇ ನಾಲ್ಕು.

ಇಲ್ಲೇ ಕನ್ನಡಿಗರಿಗೆ ಒಂದು ಪಿತ್ರಾರ್ಜಿತ ಆಸ್ತಿ ಇದೆ. ಯು ಇಲ್ಲದೆ ಬರುವ ಕ್ಯೂ ಪದಗಳಲ್ಲಿ ಬಹುಪಾಲು ಅರಬ್ಬಿಯವು. ಗಂಟಲಾಳದಿಂದ ಹೊರಡುವ ಅಲ್ಲಿಯ 'ಕ'ಕಾರವನ್ನು ಇಂಗ್ಲಿಷಿನವರು ಕ್ಯೂ ಹಾಕಿ ಬರೆದುಕೊಂಡರು. ಅದೇ ಪದಗಳು ಫಾರಸಿ, ಉರ್ದುಗಳ ದಾರಿಯಲ್ಲಿ ಕನ್ನಡಕ್ಕೂ ಬಂದಿವೆ. ಎಫ್-ಎ-ಕ್ಯೂ-ಐ-ಆರ್: ಫಕೀರ, 17 ಅಂಕ. ಡಬ್ಲ್ಯು-ಎ-ಕ್ಯೂ-ಎಫ್: ವಕ್ಫ್, 19 ಅಂಕ. ತಲಾಖ್, ಬುರ್ಖಾ, ಕವ್ವಾಲಿ ಎಲ್ಲವೂ ಮಣೆಯ ಮೇಲೆ ಸಲ್ಲುತ್ತವೆ. ಕಲಬುರಗಿ, ಹುಬ್ಬಳ್ಳಿ ಕಡೆ ಬೆಳೆದವರು ಈ ಪದಗಳನ್ನು ಬಾಯಿಪಾಠ ಮಾಡಬೇಕಿಲ್ಲ, ಕಾಗುಣಿತ ಬದಲಿಸಿಕೊಂಡರೆ ಸಾಕು.

ಈ ಲೇಖಕನ ಕಣ್ಣು ತೆರೆದದ್ದು ಅಡಿಲೇಡಿನ ಒಂದು ಗ್ರಂಥಾಲಯದಲ್ಲಿ. ಎದುರಿಗಿದ್ದ ನಿವೃತ್ತ ನರ್ಸ್ ಒಬ್ಬರು ಕ್ಯೂ, ಎ, ಎನ್, ಎ, ಟಿ ಎಂದು ಐದು ಬಿಲ್ಲೆ ಇಟ್ಟರು. ಇಂಥ ಪದವೇ ಇಲ್ಲವೆಂದು ಚಾಲೆಂಜ್ ಹಾಕಿದ್ದಾಯಿತು, ಸೋತದ್ದೂ ಆಯಿತು. ಅರ್ಥ ಕೇಳಿದರೆ, ನೆಲದಡಿ ಸುರಂಗ ಕೊರೆದು ದೂರದ ನೀರನ್ನು ಇಳಿಜಾರಿನಲ್ಲೇ ಹರಿಸಿ ತರುವ ಕಾಲುವೆ, ಪರ್ಷಿಯಾದ ಕಡೆಯದು ಎಂದರು. ಬೀದರ್ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಅದು ಪರ್ಷಿಯಾದ ಮಾತಾಗಿ ಉಳಿಯಲಿಲ್ಲ. ನೌಬಾದಿನಲ್ಲಿ ಬಹಮನಿ ಕಾಲದ ಇಂಥದೇ ಕಾಲುವೆ ಇದೆ, ಕರೇಜ್ ಎಂದೂ ಸುರಂಗ ಬಾವಿ ಎಂದೂ ಕರೆಯುತ್ತಾರೆ. ಸಾಲಾಗಿ ಬಾಯಿ ತೆರೆದ ಅದರ ಕಂಡಿಗಳಲ್ಲಿ ಕಲ್ಲು ಹಾಕಿ, ನೀರಿನ ಸದ್ದಿಗೆ ಕಿವಿಗೊಟ್ಟು ಆಡಿದ ಹುಡುಗ, 14 ಅಂಕದ ಆ ಪದವನ್ನು ನೋಡುತ್ತ ತನ್ನ ಸರದಿ ಬಂದದ್ದನ್ನೂ ಮರೆತು ಕೂತುಬಿಟ್ಟ.

ಇನ್ನು ಲೆಕ್ಕ. ಏಳು ಬಿಲ್ಲೆಯಲ್ಲಿ ಕವ್ವಾಲಿ ಬಂತು, ಮೊದಲ ಆಟವೇ ನಿಮ್ಮದು ಎಂದುಕೊಳ್ಳಿ. ಕ್ಯೂ ಅಕ್ಷರದ ಬೆಲೆ ಇಮ್ಮಡಿಸುವ ಮನೆಯಲ್ಲಿ ಕೂತರೆ ಪದಕ್ಕೆ 32, ನಡುಮನೆ ಅದನ್ನು 64 ಮಾಡುತ್ತದೆ, ಏಳೂ ಬಿಲ್ಲೆ ಖಾಲಿ ಮಾಡಿದ್ದಕ್ಕೆ 50: ಒಟ್ಟು 114. ಇದಕ್ಕೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ತಟ್ಟಲಿ. ರಸಿಕ ಕಾಯುವುದು ಇನ್ನೊಂದಕ್ಕೆ. ಕ್ಯೂ-ಐ ಎಂಬ ಎರಡಕ್ಷರದ ಪದವಿದೆ, ಚೀನೀಯರ ಪ್ರಾಣಶಕ್ತಿಯ ಹೆಸರು, ಓದುವುದು 'ಚೀ' ಎಂದು. ಅಕ್ಷರವನ್ನು ಮೂರು ಪಟ್ಟು ಮಾಡುವ ಮನೆಯೊಂದರ ಬಲಕ್ಕೆ ಒಂದು ಐ, ಕೆಳಗೆ ಒಂದು ಐ. ಆ ಮನೆಯಲ್ಲಿ ಕ್ಯೂ ಕೂತರೆ ಅಡ್ಡಕ್ಕೆ 31, ಉದ್ದಕ್ಕೆ 31. ಒಂದೇ ಬಿಲ್ಲೆಗೆ 62 ಅಂಕ, ಉಳಿದ ಆರು ಬಿಲ್ಲೆ ಕೈಯಲ್ಲೇ ಭದ್ರ. ಅಷ್ಟಾವಧಾನದಲ್ಲಿ ಪೃಚ್ಛಕ ಅಕ್ಷರ ನಿಷೇಧಿಸುತ್ತ ಹೋದಂತೆ ಅವಧಾನಿ ಸಂದಿಯಲ್ಲೇ ದಾರಿ ಮಾಡಿಕೊಳ್ಳುವುದನ್ನು ಕಂಡವರಿಗೆ ಈ ಸುಖ ಹೊಸದಲ್ಲ.

ಚಿಕ್ಕ ಪದದ ಮಹಿಮೆಗೆ ಸಾಕ್ಷಿ ಪರ್ತ್ ನಗರವೇ. 2015ರ ನವೆಂಬರಿನಲ್ಲಿ ಅಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ನೈಜೀರಿಯಾದ ವೆಲ್ಲಿಂಗ್ಟನ್ ಜಿಘೆರೆ ಫೈನಲ್‌ನಲ್ಲಿ ಇಂಗ್ಲೆಂಡಿನ ಲೂಯಿಸ್ ಮೆಕೆಯನ್ನು 4-0ಯಿಂದ ಸೋಲಿಸಿ, ಆ ಪಟ್ಟ ಗೆದ್ದ ಮೊದಲ ಆಫ್ರಿಕನ್ ಆದ. ಗೆಲುವಿನ ಪದ 'ಫೆಲ್ಟಿ': ಒತ್ತಿ ಮಾಡಿದ ಉಣ್ಣೆಬಟ್ಟೆಯಂಥದ್ದು, ಐದೇ ಅಕ್ಷರ, 36 ಅಂಕ. ಉದ್ದದ ಪದ ಕೈಯಲ್ಲಿದ್ದರೂ ನಾಲ್ಕೈದು ಅಕ್ಷರದ್ದನ್ನೇ ಆಡಿ ಒಳ್ಳೆಯ ಬಿಲ್ಲೆಗಳನ್ನು ಉಳಿಸಿಕೊಳ್ಳುವುದು ನೈಜೀರಿಯಾದವರು ಬೇಕೆಂದೇ ರೂಢಿಸಿಕೊಂಡ ತಂತ್ರ.

ಅರ್ಥ ಗೊತ್ತಿರಬೇಕೆ? ಬೇಡ ಎನ್ನುವವರು ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್‌ನನ್ನು ಮುಂದೆ ಮಾಡುತ್ತಾರೆ. ಫ್ರೆಂಚ್ ಮಾತಾಡಲು ಬಾರದೆ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವಪಟ್ಟ ಗೆದ್ದವನು ಆತ. ಗೆಲ್ಲುವುದಕ್ಕೆ ಅರ್ಥ ಬೇಡ ಎಂಬುದು ನಿಜ. ಸವಿಯುವುದಕ್ಕೆ ಬೇಕು. ಕಾಟ್ ಎಂಬ ಮೂರಕ್ಷರ ಯೆಮನ್ನಿನವರು ಕೆನ್ನೆಯಲ್ಲಿಟ್ಟು ಮೆಲ್ಲುವ ಎಲೆ ಎಂದು ತಿಳಿದವನಿಗೆ ಅದು ಬರೀ 12 ಅಂಕವಲ್ಲ, ತಾಂಬೂಲದ ನೆಂಟ.

ಊರಿನ ಪದಗಳನ್ನು ಊರಿನಲ್ಲೇ ಕಲಿಯುವುದು ಚೆಂದ. ಪರ್ತಿನ ಎದುರಿನ ರಾಟ್‌ನೆಸ್ಟ್ ದ್ವೀಪದ ಪುಟ್ಟ ಪ್ರಾಣಿ ಕ್ವೋಕಾ, ಹೆಸರು ನೂಂಗಾರ್ ಭಾಷೆಯದು. ಅದಕ್ಕೆ ಎರಡು ಕೆ ಬೇಕು, ಡಬ್ಬಿಯಲ್ಲಿ ಇರುವುದು ಒಂದೇ. ಇನ್ನೊಂದರ ಜಾಗಕ್ಕೆ ಖಾಲಿ ಬಿಲ್ಲೆಯೇ ಗತಿ. ಬ್ರಿಸ್ಬೇನ್ ಸೀಮೆಯ ಯಗಾರ ಭಾಷೆಯಿಂದ ಬಂದ 'ಯಾಕಾ' ಎಂದರೆ ಮೈಮುರಿಯುವ ದುಡಿಮೆ. ಅಲ್ಲಿಯೂ ಎರಡು ಕೆ. ಆದರೆ ಬ್ರಿಸ್ಬೇನಿನ ಒಂದು ಸಂಜೆ ಎದುರಾಳಿಯೊಬ್ಬರು ಅದನ್ನು ಸಿ-ಕೆ ಹಾಕಿ ಬರೆದು ಖಾಲಿ ಬಿಲ್ಲೆಯನ್ನು ಉಳಿಸಿಕೊಂಡದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ. ಅಡಿಲೇಡಿನ ಕೌರ್ನಾ ಭಾಷೆ ಕೊಟ್ಟದ್ದು 'ವರ್ಲಿ', ಗುಡಿಸಲು.

ಪದಬಂಧ ಬಿಡಿಸಿ ಪಳಗಿದವರಿಗೆ ಒಂದು ಎಚ್ಚರಿಕೆ. ಅಲ್ಲಿ ಒಂದು ಚೌಕದಲ್ಲಿ 'ಸ್ತ್ರೀ' ಪೂರ್ತಿ ಕೂರುತ್ತಾಳೆ. ಇಲ್ಲಿ ವ್ಯಂಜನ, ಸ್ವರ ಬೇರೆ ಬೇರೆ ಮನೆ ಹಿಡಿಯುತ್ತವೆ. ರಾಗಿಗೆ ನಾಲ್ಕು ಮನೆ ಬೇಕು, ಬರುವುದು ಐದೇ ಅಂಕ.

ಕ್ಲಬ್ಬಿಗೆ ಹೋದರೆ ಮಣೆಯ ಪಕ್ಕ ನಿಲ್ಲಬೇಡಿ. ಒಳ್ಳೆಯ ಆಟಗಾರರೊಬ್ಬರ ಅಪ್ಪಣೆ ಕೇಳಿ ಅವರ ಬೆನ್ನ ಹಿಂದೆ ಕೂತು, ತುಟಿ ಬಿಚ್ಚದೆ, ಅವರ ಏಳು ಬಿಲ್ಲೆಗಳನ್ನು ನೋಡಿ. ಚೀಲದಲ್ಲಿ ಬಿಲ್ಲೆ ತೀರುತ್ತ ಬಂದಾಗ ಕೈಗೆ ಕ್ಯೂ ಸಿಕ್ಕಿತೆಂದುಕೊಳ್ಳಿ. ಅದು ಕೈಯಲ್ಲೇ ಉಳಿದರೆ ಹತ್ತು ಅಂಕ ಕಳೆಯುತ್ತದೆ, ಎದುರಾಳಿಗೆ ಹತ್ತು ಸೇರುತ್ತದೆ. ಆಗ ಅವರ ಕಣ್ಣು ಮಣೆಯ ಮೇಲೆ ಮೊದಲು ಹುಡುಕುವುದು ಪಕ್ಕ ಖಾಲಿ ಇರುವ ಒಂದು ಐ.